ವಾರಕ್ಕೆ 23 ಅಧ್ಯಾಯ: ಒಂದು ವರುಷದಲ್ಲಿ ಸತ್ಯವೇದ

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ‘ಈ ವರುಷ ಸತ್ಯವೇದ (ಬೈಬಲ್) ಪೂರ್ತಿ ಓದಿ ಮುಗಿಸುತ್ತೇನೆ’ ಎಂದು ತೀರ್ಮಾನ ಮಾಡುವವರು ಎಲ್ಲ ಸಭೆಗಳಲ್ಲೂ ಇರುತ್ತಾರೆ. ಫೆಬ್ರುವರಿ ನಡುವಿಗೆ ಹಲವರ ಓದು ನಿಲ್ಲುತ್ತದೆ. ನಿಲ್ಲುವ ಜಾಗವೂ ಹೆಚ್ಚುಕಡಿಮೆ ಒಂದೇ, ಯಜ್ಞ, ಶುದ್ಧಿಗಳ ನಿಯಮಗಳಿರುವ ಯಾಜಕಕಾಂಡ.

ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಇಟ್ಟುಕೊಳ್ಳಿ. 66 ಪುಸ್ತಕಗಳ ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. (ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಲೆಕ್ಕ ಬೇರೆಯಾಗುತ್ತದೆ.) ಕೀರ್ತನೆಗಳನ್ನು ಬಿಟ್ಟರೆ ಹಳೆ ಒಡಂಬಡಿಕೆಯಲ್ಲಿ 779, ಕೀರ್ತನೆಗಳು 150, ಹೊಸ ಒಡಂಬಡಿಕೆಯಲ್ಲಿ 260. ವಾರಕ್ಕೆ 15, 3, 5 ಓದಿದರೆ 52 ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ಮೂರು ಕಡೆ ಪುಟ ಗುರುತಿಸಲು ಮೂರು ಚೀಟಿ ಇಡಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಹಳೆಯದರಲ್ಲಿ ಮೂರು, ಹೊಸದರಲ್ಲಿ ಒಂದು. ಶನಿವಾರ ಮೂರು ಕೀರ್ತನೆ, ಬಾಯಿಬಿಟ್ಟು ಓದಬೇಕು. ಭಾನುವಾರ ಖಾಲಿ. 119ನೆಯ ಕೀರ್ತನೆಗೆ 176 ವಚನ, ಎಂಟೆಂಟು ವಚನಗಳ 22 ಭಾಗ. ಅದನ್ನು ಬೇರೆ ತೆಗೆದಿಟ್ಟು ಎರಡು ವಾರ ಕೊಡಿ, ಉಳಿದವಕ್ಕೆ 50 ವಾರ ಸಾಕು.

ಆದಿಕಾಂಡ, ವಿಮೋಚನಕಾಂಡ ಸೇರಿ 90 ಅಧ್ಯಾಯ, ಸರಿಯಾಗಿ ಆರು ವಾರ. ಆರಾಧನೆಯ ಗುಡಾರದ ಅಳತೆಗಳನ್ನು ವಿಮೋಚನಕಾಂಡ 25ರಿಂದ 31ರವರೆಗೆ ಓದಿದ ಮೇಲೆ 35ರಿಂದ 40ರಲ್ಲಿ ಮತ್ತೆ ಅವೇ ಬಂದಾಗ ಬೇಸರವಾಗುವುದು ಸಹಜ. ನಡುವೆ ಏನಾಯಿತೆಂದು ನೋಡಿ: 32ರಲ್ಲಿ ಇಸ್ರಾಯೇಲ್ಯರು ಪೂಜಿಸಲು ಬಂಗಾರದ ಬಸವನನ್ನು ಮಾಡಿಕೊಂಡರು. ಅಷ್ಟಾದ ಮೇಲೂ ಅದೇ ಜನರ ಕೈಯಿಂದ, ಅದೇ ಅಳತೆಯಲ್ಲಿ, ದೇವರು ತನ್ನ ವಾಸಕ್ಕೆ ಗುಡಾರ ಮಾಡಿಸಿಕೊಂಡನು. ಎರಡನೆಯ ಸಲದ ಪಟ್ಟಿ ಕ್ಷಮೆಯ ಪಟ್ಟಿ.

ಏಳನೆಯ ವಾರ ಯಾಜಕಕಾಂಡ. ಅದಕ್ಕೆ ಮುಂಚೆಯೇ ಹೊಸ ಒಡಂಬಡಿಕೆಯ ಚೀಟಿಯನ್ನು ಸ್ವಲ್ಪ ಕದಲಿಸಬೇಕು. ಆರನೆಯ ವಾರದ ಬುಧವಾರ ಮತ್ತಾಯ ಮುಗಿಯುತ್ತದೆ. ಗುರುವಾರ ಮಾರ್ಕಕ್ಕೆ ಹೋಗದೆ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಹಿಡಿಯಿರಿ. ಹಾಗೆ ಮಾಡಿದರೆ ಎಂಟನೆಯ ವಾರದ ಸೋಮವಾರ ಯಾಜಕಕಾಂಡ 16 ಬರುತ್ತದೆ: ಎರಡು ಹೋತಗಳು, ಚೀಟು ಹಾಕುವುದು, ಒಂದನ್ನು ಯಜ್ಞಕ್ಕೆ, ಇನ್ನೊಂದನ್ನು ಜನರ ಪಾಪ ಹೊರಿಸಿ ಅರಣ್ಯಕ್ಕೆ, ಮಹಾಯಾಜಕನು ರಕ್ತ ಹಿಡಿದು ಗುಡಾರದ ಒಳತೆರೆಯ ಆಚೆ ಹೋಗುವುದು. ಮರುದಿನವೇ ಇಬ್ರಿಯ 9: ಕ್ರಿಸ್ತನು ಸ್ವಂತ ರಕ್ತದ ಮೂಲಕ ಒಂದೇ ಸಾರಿ ಪ್ರವೇಶಿಸಿದನು. ಎರಡನ್ನೂ ಒಂದು ರಾತ್ರಿಯ ಅಂತರದಲ್ಲಿ ಓದಿದವರಿಗೆ ಶುಭಶುಕ್ರವಾರದ ಪ್ರಸಂಗ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ.

ಅರಣ್ಯಕಾಂಡ 7ರಲ್ಲಿ 89 ವಚನ, ಹನ್ನೆರಡು ಕುಲಾಧಿಪತಿಗಳು ತಂದದ್ದು ಒಂದೇ ಬಗೆಯ ಕಾಣಿಕೆ. ಮೊದಲನೆಯದನ್ನು ಪೂರ್ತಿ ಓದಿ, ಉಳಿದವರ ಹೆಸರು, ಕುಲ ಓದಿದರೆ ತಪ್ಪಿಲ್ಲ. ಕೊನೆಯ ವಚನ ಮಾತ್ರ ಬಿಡಬೇಡಿ. ಒಡಂಬಡಿಕೆಯ ಮಂಜೂಷದ ಮುಚ್ಚಳವಾದ ಕೃಪಾಸನದ ಮೇಲಿನಿಂದ ಮಾತಾಡುವ ದೇವರ ಸ್ವರವನ್ನು ಮೋಶೆ ಕೇಳುವುದು ಅಲ್ಲಿ. 1 ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳ ವಂಶಾವಳಿಯನ್ನೂ ಹೀಗೆಯೇ ದಾಟಬಹುದು, ಆ ಪಟ್ಟಿಯ ನಡುವೆ ಬರುವ ಯಾಬೇಚನೆಂಬವನ ಪ್ರಾರ್ಥನೆಗೆ (4:10) ಮಾತ್ರ ಸ್ವಲ್ಪ ನಿಂತು.

ಒಂದೆರಡು ದಿನ ತಪ್ಪಿದರೆ ಭಾನುವಾರ ಮಧ್ಯಾಹ್ನ ಇದೆ. ಜ್ವರವೋ ಮದುವೆಯೋ ಬಂದು ಇಡೀ ವಾರ ತಪ್ಪಿದರೆ 23 ಅಧ್ಯಾಯಗಳ ಬಾಕಿ ತೀರಿಸಲು ಕೂರಬೇಡಿ. ಓದು ಸಾಲದ ಕಂತಾಗಿಬಿಡುತ್ತದೆ. ತಪ್ಪಿದ ಅಧ್ಯಾಯಗಳಿಗೆ ಪೆನ್ಸಿಲ್ ಗುರುತು ಹಾಕಿ, ಈ ವಾರದ ಭಾಗಕ್ಕೆ ಬನ್ನಿ. ಗುರುತು ಹಾಕಿದ್ದನ್ನು ರಜೆ ಸಿಕ್ಕಾಗ ಓದಿಕೊಳ್ಳಬಹುದು.