ಪಿಟ್ಸ್‌ಬರ್ಗ್‌ಗೆ ಹೋದರೆ ಫೋರ್ಟ್ ಡುಕೇನ್ ಜಾಗಕ್ಕೂ ಅರ್ಧ ದಿನ ಇಟ್ಟುಕೊಳ್ಳಿ

ಅಮೆರಿಕದಲ್ಲಿರುವ ನಮ್ಮವರು ಪಿಟ್ಸ್‌ಬರ್ಗ್‌ಗೆ ಹೋಗುವುದು ಹೆಚ್ಚಾಗಿ ಪೆನ್ ಹಿಲ್ಸ್‌ನ ವೆಂಕಟೇಶ್ವರನ ದರ್ಶನಕ್ಕೆ. ನಾವು ಹೋಗಿದ್ದೂ ಅದಕ್ಕೇ. ದರ್ಶನ, ಪುಳಿಯೋಗರೆ ಎರಡೂ ಮುಗಿದು ಅರ್ಧ ದಿನ ಉಳಿದಿತ್ತು. ಫ್ರೆಂಚರ ಫೋರ್ಟ್ ಡುಕೇನ್ ಇದ್ದ ಜಾಗ ನೋಡೋಣ ಅಂತ ಹೊರಟೆವು.

ನಾನು ಮಾಡಿದ ಎಡವಟ್ಟು ಮೊದಲೇ ಹೇಳಿಬಿಡ್ತೀನಿ. ಮ್ಯಾಪಿನಲ್ಲಿ ‘ಫೋರ್ಟ್ ಡುಕೇನ್’ ಅಂತ ಹಾಕಿದೆ. ಆ ಹೆಸರಿನ ಸೇತುವೆಯೂ ಇದೆ, ರಸ್ತೆಯೂ ಇದೆ. ಎರಡು ಸಲ ಆಲೆಗೇನಿ ನದಿ ದಾಟಿ ವಾಪಸ್ ಬಂದದ್ದಾಯಿತು. ನೀವು ‘ಪಾಯಿಂಟ್ ಸ್ಟೇಟ್ ಪಾರ್ಕ್’ ಅಂತಲೇ ಹಾಕಿ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ನದಿಯಾಚೆ ನಾರ್ತ್ ಶೋರ್‌ನಲ್ಲಿ ನಿಲ್ಲಿಸಿ, ‘ಟಿ’ ರೈಲಿನಲ್ಲಿ ಗೇಟ್‌ವೇ ಸ್ಟೇಷನ್‌ಗೆ ಬನ್ನಿ. ಅಷ್ಟು ದೂರಕ್ಕೆ ಟಿಕೆಟ್ ಬೇಡ.

ಚಿತ್ರದುರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತ್ರ ಹೋಗಬೇಡಿ. ಇರುವುದು ಹುಲ್ಲುಹಾಸು, ಅದರಲ್ಲಿ ಕೋಟೆಯ ಆಕಾರ ತೋರಿಸುವ ಗ್ರಾನೈಟ್ ಗೆರೆ, ಅಷ್ಟೆ. ನನ್ನ ಮಗ ಆ ಗೆರೆಯ ಮೇಲೇ ನಿಂತು “ಅಪ್ಪಾ, ಕೋಟೆ ಎಲ್ಲಿ?” ಅಂದ. ನಾಲ್ಕು ಮೂಲೆಯಲ್ಲಿ ಕೊತ್ತಳದ ಚೂಪು ತುದಿಗಳು. ಈ ಕಡೆಯಿಂದ ಆ ಕಡೆಗೆ ಒಂದು ನಿಮಿಷದೊಳಗೆ ನಡೆದುಬಿಡಬಹುದು. ಇಷ್ಟು ಚಿಕ್ಕ ಜಾಗಕ್ಕೆ ಫ್ರೆಂಚ್, ಇಂಗ್ಲಿಷ್ ಎರಡು ಸಾಮ್ರಾಜ್ಯಗಳು ಬಡಿದಾಡಿದವು.

ಯಾಕೆ ಅಂತ ತಿಳಿಯಬೇಕಾದರೆ ಮೊದಲು ಎದುರಿನ ಮೌಂಟ್ ವಾಷಿಂಗ್ಟನ್ ಹತ್ತಬೇಕು. ನಾವು ಕೊನೆಗೆ ಹತ್ತಿದೆವು, ಅದು ತಪ್ಪು. ಗುಡ್ಡಕ್ಕೆ 1877ರಿಂದ ಓಡುತ್ತಿರುವ ಡುಕೇನ್ ಇನ್‌ಕ್ಲೈನ್ ಇದೆ, ಹಳಿಯ ಮೇಲೆ ಕೇಬಲ್ ಎಳೆಯುವ ಡಬ್ಬಿ. ಮೇಲಿಂದ ನೋಡಿದರೆ ಆಲೆಗೇನಿ ಮತ್ತು ಮನಾಂಗಹೀಲಾ ನದಿಗಳು ಕೂಡಿ ಓಹಾಯೋ ಆಗುವುದು ಕಾಣುತ್ತದೆ. ಓಹಾಯೋ ಮಿಸಿಸಿಪ್ಪಿಗೆ ಸೇರುತ್ತದೆ. ಅಂದರೆ ಕೆನಡಾದ ಫ್ರೆಂಚರಿಗೆ ತಮ್ಮದೇ ವಸಾಹತು ಲೂಯಿಸಿಯಾನಾ ತನಕ ದೋಣಿಯ ದಾರಿ, ಅದರ ಬಾಗಿಲು ಈ ಮೂಲೆ.

1754ರ ಏಪ್ರಿಲ್‌ನಲ್ಲಿ ಇಂಗ್ಲಿಷರ ವಸಾಹತು ವರ್ಜೀನಿಯಾದ ನಲವತ್ತು ಚಿಲ್ಲರೆ ಜನ ಇಲ್ಲಿ ಕೋಟೆ ಕಟ್ಟುತ್ತಿದ್ದರು. ಕಾಂಟ್ರಕೂರ್ ಎಂಬ ಫ್ರೆಂಚ್ ಅಧಿಕಾರಿ ನೂರಾರು ಜನ, ತೋಪುಗಳ ಸಮೇತ ದೋಣಿಗಳಲ್ಲಿ ಬಂದಿಳಿದ. ವರ್ಜೀನಿಯಾದವರು ಶರಣಾದರು, ಆತ ಅವರ ನಾಯಕನನ್ನು ರಾತ್ರಿ ಊಟಕ್ಕೂ ಕರೆದ! ಆಮೇಲೆ ಕಟ್ಟಿದ್ದೇ ಡುಕೇನ್: ನೆಲದ ಕಡೆ ಮರದ ದಿಮ್ಮಿಗಳ ನಡುವೆ ಮಣ್ಣು ತುಂಬಿದ ಗೋಡೆ, ನದಿಯ ಕಡೆ ಬರೀ ಗೂಟದ ಬೇಲಿ. ದೊಡ್ಡ ತೋಪಿಗೆ ನಿಲ್ಲುವಂಥದ್ದಲ್ಲ. ಅದಕ್ಕೇ 1755ರ ಜುಲೈ 9ರಂದು ಜನರಲ್ ಬ್ರ್ಯಾಡಕ್‌ನ ಇಂಗ್ಲಿಷ್ ಸೇನೆ ಹತ್ತಿರ ಬಂದಾಗ ಫ್ರೆಂಚರು ಒಳಗೆ ಕೂರದೆ, ಮೂಲನಿವಾಸಿ ಯೋಧರೊಂದಿಗೆ ಹೊರಗೆ ಹೋಗಿ ಕಾಡಿನಲ್ಲೇ ಹೊಡೆದರು. ಇಂಗ್ಲಿಷರ ಸುಮಾರು 1,300 ಜನರಲ್ಲಿ ಮೂರನೇ ಎರಡು ಪಾಲು ಸತ್ತರು ಇಲ್ಲವೇ ಗಾಯಗೊಂಡರು. ಅಂದರೆ ಕೋಟೆ ನಿಂತದ್ದು ಮೂಲನಿವಾಸಿಗಳ ಬಲದಿಂದ. 1758ರ ಅಕ್ಟೋಬರ್‌ನಲ್ಲಿ ಅವರು ಈಸ್ಟನ್ ಎಂಬ ಊರಿನಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡರು. ನವೆಂಬರ್‌ನಲ್ಲಿ ಫ್ರೆಂಚರು ತಾವೇ ಕೋಟೆಗೆ ಬೆಂಕಿ ಇಟ್ಟು ಹೊರಟರು. (ಇಂಗ್ಲಿಷ್-ಫ್ರೆಂಚರ ಇದೇ ಏಳು ವರ್ಷದ ಯುದ್ಧ ಭಾರತದಲ್ಲೂ ನಡೆದಿತ್ತು; ಅದರ ಕೊನೆಯ ಹೊತ್ತಿಗೆ, 1760ರಲ್ಲಿ, ಹೈದರಾಲಿ ಪಾಂಡಿಚೇರಿಯ ಫ್ರೆಂಚರಿಗೆ ಪಡೆ ಕಳಿಸಿದ್ದ.)

ಪಾರ್ಕಿನಲ್ಲಿರುವ ಬ್ಲಾಕ್ ಹೌಸ್ ಎಂಬ ಸಣ್ಣ ಕಾವಲುಮನೆ ತಪ್ಪಿಸಬೇಡಿ, ಪ್ರವೇಶ ಉಚಿತ. ಅದು ಫ್ರೆಂಚರದ್ದಲ್ಲ, ಆಮೇಲೆ ಬಂದ ಇಂಗ್ಲಿಷರು 1764ರಲ್ಲಿ ಕಟ್ಟಿದ್ದು. ಇಟ್ಟಿಗೆಗಳ ನಡುವಿನ ಮರದ ತೊಲೆಯಲ್ಲಿ ಬಂದೂಕಿನ ಕಿಂಡಿಗಳು ಇನ್ನೂ ಇವೆ. ಪಕ್ಕದಲ್ಲಿ, ಇಂಗ್ಲಿಷರು ಆಮೇಲೆ ಇಲ್ಲೇ ಕಟ್ಟಿದ ಕೋಟೆಯ ಹೆಸರಿನ ಫೋರ್ಟ್ ಪಿಟ್ ಮ್ಯೂಸಿಯಂಗೆ ಟಿಕೆಟ್ ಇದೆ. ಮಕ್ಕಳಿದ್ದರೆ ಹೋಗಿ, ಹುಲ್ಲಿನ ಗೆರೆಗೆ ಅಲ್ಲಿ ಅರ್ಥ ಸಿಗುತ್ತದೆ.

ಇನ್ನೊಂದು ದಿನ ಇದ್ದರೆ ಆಗ್ನೇಯಕ್ಕೆ ಫೋರ್ಟ್ ನೆಸೆಸಿಟಿಗೆ ಕಾರು ತಿರುಗಿಸಿ. 1754ರ ಜುಲೈ 3ರಂದು, ಇಪ್ಪತ್ತೆರಡು ವರ್ಷದ ಜಾರ್ಜ್ ವಾಷಿಂಗ್ಟನ್ ಡುಕೇನ್‌ನಿಂದ ಬಂದ ಫ್ರೆಂಚರಿಗೆ ಮಳೆಯಲ್ಲಿ ತೊಯ್ದು ಶರಣಾದ ಜಾಗ ಅದು. ಅಲ್ಲಿ ಗೂಟದ ಕೋಟೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ನನ್ನ ಮಗನಿಗೆ ಅಂತೂ ಒಂದು ಕೋಟೆ ಸಿಕ್ಕಿತು.