ಹತ್ತು ಜನರ ಊರಲ್ಲಿ ಅಮ್ಮನ ಬಸ್ ಟಿಕೆಟ್

ದಕ್ಷಿಣ ಆಸ್ಟ್ರೇಲಿಯಾದ ಮರೀ ಅನ್ನುವ ಊರು ದಾಟುವ ಮುಂಚೆ ರಸ್ತೆ ಪಕ್ಕ ಒಂದು ದೊಡ್ಡ ಬೋರ್ಡು ಇದೆ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಅಂತ ಅದರಲ್ಲಿ ನೋಡಿಕೊಂಡೇ ಮುಂದೆ ಹೋಗಬೇಕು. ಮಳೆ ಬಿದ್ದರೆ ಊಡ್ನಡಾಟಾ ಟ್ರ್ಯಾಕ್ ಅನ್ನುವ ಈ ಮಣ್ಣಿನ ದಾರಿ ಪೂರ್ತಿ ಕೆಸರು. ಆವತ್ತು ತೆರೆದಿತ್ತು. ಅಲ್ಲಿಂದ ವಿಲಿಯಂ ಕ್ರೀಕ್‌ಗೆ ಸುಮಾರು 200 ಕಿಲೋಮೀಟರ್. ಮಧ್ಯದಲ್ಲಿ ಊರಿಲ್ಲ, ಪೆಟ್ರೋಲ್ ಬಂಕ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ.

ಚಳ್ಳಕೆರೆಯಿಂದ ಅಮ್ಮ ಮೂರು ತಿಂಗಳಿಗೆ ಅಂತ ಅಡಿಲೇಡಿಗೆ ಬಂದಿದ್ದಳು. "ಸಮುದ್ರ ನೋಡಿದ್ದಾಯ್ತು. ಈ ದೇಶದ ಬಯಲು ತೋರಿಸಪ್ಪ" ಅಂದಳು. ಜುಲೈ ಚಳಿ, ತಿರುಗಾಡೋಕೆ ಒಳ್ಳೆ ಕಾಲ. ಹೆಂಡತಿ ರಾಗಿ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಳು. ನಾನು ಕ್ಯಾನುಗಳಲ್ಲಿ ನೀರು ತುಂಬಿಸಿಕೊಂಡೆ.

ಕೆಂಪು ಮಣ್ಣು, ಚೂಪು ಕಲ್ಲು. ಪಕ್ಕದಲ್ಲೇ ಹಳೇ ಘಾನ್ ರೈಲಿನ ದಾರಿ. ಒಂಟೆಗಳ ಜೊತೆ ಬಂದವರನ್ನು ಇಲ್ಲಿ 'ಅಫ್ಘನ್' ಅಂತಿದ್ದರು. ಅವರಲ್ಲಿ ನಮ್ಮ ಉಪಖಂಡದವರೂ ಬಹಳ ಜನ ಇದ್ದರು. ರೈಲಿಗೆ ಅವರದೇ ಹೆಸರು ಬಂತು. 1980ರಲ್ಲಿ ಈ ದಾರಿಯ ರೈಲು ನಿಂತಿತು. ಈಗ ಉಳಿದಿರುವುದು ಒಂದಿಷ್ಟು ಸೇತುವೆ, ಬಾಗಿಲಿಲ್ಲದ ಕಲ್ಲಿನ ಮನೆಗಳು. ನಮ್ಮ ಹಿಂದಿನ ಟೈರು ಒಂದು ಸಲ ಸೀಳಿತು. ಸ್ಟೆಪ್ನಿ ಹಾಕುವಾಗ ಎದುರಿಗೆ ಬಂದ ಎರಡು ಗಾಡಿಯವರೂ ನಿಲ್ಲಿಸಿ, "ನೀರಿದೆಯಾ?" ಅಂತಲೇ ಮೊದಲು ಕೇಳಿದರು.

ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ 'ಬಬ್ಲರ್' ಅನ್ನುವ ಚಿಲುಮೆ ಸಿಗುತ್ತದೆ. ನಾವು ಜಾಸ್ತಿ ಹೊತ್ತು ನಿಂತದ್ದು ಇಲ್ಲೇ. ಬರಡು ನೆಲದ ನಡುವೆ ಒಂದು ಚಿಕ್ಕ ಹೊಂಡ. ಅದರ ತಳದ ಮರಳು ಮೆಲ್ಲಗೆ ಉಬ್ಬುತ್ತದೆ, ರೊಟ್ಟಿ ಉಬ್ಬಿದ ಹಾಗೆ. ನಂತರ ಒಡೆದು, ಬೂದು ಬಣ್ಣದ ಉಂಗುರ ಉಂಗುರವಾಗಿ ಹರಡುತ್ತದೆ. ಸ್ವಲ್ಪ ಸುಮ್ಮನಿದ್ದು ಮತ್ತೆ ಉಬ್ಬುತ್ತದೆ. ದೂರದ ಪೂರ್ವದ ಬೆಟ್ಟಗಳಲ್ಲಿ ಬಿದ್ದ ಮಳೆ ಮರಳುಗಲ್ಲಿನಲ್ಲಿ ಇಂಗಿ, ಲಕ್ಷಾಂತರ ವರ್ಷ ನೆಲದೊಳಗೇ ತೆವಳಿ, ಒತ್ತಡಕ್ಕೆ ಹೀಗೆ ಮೇಲೆ ಬರುತ್ತದೆ. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನೆಲದ ಕೆಳಗೆ ಈ ನೀರಿದೆ.

ನಮ್ಮ ಹೊಲದಲ್ಲಿ ಮೂರು ಬೋರು ಕೊರೆಸಿದ್ದೇವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನೂ ಕರೆಸಿದ್ದೆವು. ಮೂರನೆಯದು 900 ಅಡಿ ಹೋಯಿತು, ಬಂದದ್ದು ಬರೀ ಧೂಳು. ಆ ರಾತ್ರಿ ಬೋರ್ ಲಾರಿ ಹೊರಟಮೇಲೂ ಅಪ್ಪ ಕೇಸಿಂಗ್ ಪೈಪಿನ ಪಕ್ಕದಲ್ಲೇ ಕೂತಿದ್ದರು. ಅಮ್ಮನಿಗೂ ಅದೇ ನೆನಪಾಗಿರಬೇಕು. ಚಿಲುಮೆ ಪಕ್ಕದ ಹಲಗೆಯ ಕಟಕಟೆ ಹಿಡಿದು ನಿಂತೇ ಇದ್ದಳು. ಆಮೇಲೆ ಕೈ ಮುಗಿದಳು. "ಯಾರೂ ಕರೀದೇ ಗಂಗಮ್ಮ ತಾನೇ ಎದ್ದು ಬರ್ತಾಳಲ್ಲೋ."

ಇದು ಇಲ್ಲಿನ ಮೂಲನಿವಾಸಿಗಳಾದ ಅರಬಾನ ಜನರ ನೆಲ. ಅವರ ಕಥೆಯಲ್ಲಿ ಈ ಜಾಗ ಹಾವಿನದು, ಹತ್ತಿರದ ಗುಡ್ಡ ಆ ಹಾವಿನ ತಲೆ. ಹೇಳಿದಾಗ ಅಮ್ಮ ತಲೆಯಾಡಿಸಿದಳು. ನೀರಿದ್ದ ಕಡೆ ನಾಗಪ್ಪ ಇರುವುದು ಅವಳಿಗೆ ಹೊಸ ಮಾತಲ್ಲ.

ಈ ಚಿಲುಮೆಗಳ ಸಾಲು ಹಿಡಿದೇ ಅರಬಾನರು ನಡೆದದ್ದು. ಹೊಸ ದಾರಿ ಹುಡುಕುತ್ತಿದ್ದ ಅನ್ವೇಷಕ ಜಾನ್ ಮ್ಯಾಕ್‌ಡೌಆಲ್ ಸ್ಟುವರ್ಟ್ 1859ರಲ್ಲಿ ಬಂದದ್ದೂ ಹೀಗೇ. 1872ರ ಟೆಲಿಗ್ರಾಫ್ ತಂತಿ, ಆಮೇಲೆ ಉಗಿಬಂಡಿ, ಎಲ್ಲವೂ ನೀರಿನ ಹಿಂದೆ ಹೋದವು. ತನಗೆ ಹಣದ ನೆರವು ಕೊಟ್ಟವರ ಮಗ ವಿಲಿಯಂನ ಹೆಸರನ್ನು ಒಂದು ಹಳ್ಳಕ್ಕೆ ಇಟ್ಟವನು ಸ್ಟುವರ್ಟ್. ವಿಲಿಯಂ ಕ್ರೀಕ್ ಊರಿನ ಹೆಸರು ಅಲ್ಲಿಂದ ಬಂತು.

ಊರು ಅಂದರೆ ಹತ್ತರ ಆಸುಪಾಸು ಜನ. ತಗಡಿನ ಒಂದು ಹಳೇ ಹೋಟೆಲ್ಲು, ಐರ್ ಸರೋವರ ತೋರಿಸುವ ವಿಮಾನಗಳು ಇಳಿಯುವ ಪಟ್ಟಿ, ಟೆಂಟ್ ಹಾಕೋ ಜಾಗ. ಸುತ್ತಲೂ ಆನ್ನಾ ಕ್ರೀಕ್ ದನದ ಫಾರಂ, 15 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಅಂದರೆ ಹತ್ತಿರಹತ್ತಿರ ಎರಡು ಚಿತ್ರದುರ್ಗ ಜಿಲ್ಲೆ!

ಹೋಟೆಲಿನ ಎದುರು ರಾಕೆಟ್ ಚೂರುಗಳನ್ನು ಇಟ್ಟಿದ್ದಾರೆ. ದಕ್ಷಿಣದಲ್ಲಿ ವೂಮೆರಾ ರಾಕೆಟ್ ನೆಲೆ ಇದೆ. 1971ರ ಅಕ್ಟೋಬರ್ 28ರಂದು ಬ್ರಿಟನ್ನು ತನ್ನದೇ ಬ್ಲ್ಯಾಕ್ ಆರೋ ರಾಕೆಟ್ಟಿನಲ್ಲಿ ಉಪಗ್ರಹ ಹಾರಿಸಿದ್ದು ಅಲ್ಲಿಂದ. ಅದರ ಮೊದಲ ಹಂತ ಬಂದು ಬಿದ್ದದ್ದು ಈ ಸೀಮೆಯಲ್ಲಿ. ಬಹುಕಾಲ ಈ ಊರಲ್ಲೇ ಇದ್ದು, 2019ರ ಹೊತ್ತಿಗೆ ಸ್ಕಾಟ್ಲೆಂಡ್ ಸೇರಿತು.

ನನಗೆ ನಮ್ಮ ಕಡೆಯ ಹುಲ್ಲುಗಾವಲು, ಅಮೃತಮಹಲ್ ಕಾವಲು, ಕಣ್ಮುಂದೆ ಬಂತು. ಇಸ್ರೋದ ರೆಕ್ಕೆಯ ಬಾಹ್ಯಾಕಾಶ ವಾಹನ 2023ರ ಏಪ್ರಿಲಿನಲ್ಲಿ ತಾನಾಗೇ ಇಳಿದದ್ದು ಚಳ್ಳಕೆರೆಯಲ್ಲೇ. ಆಗ ಹೆಮ್ಮೆಪಟ್ಟಿದ್ದೆ, ಈಗಲೂ ಹೆಮ್ಮೆಯೇ. ಆದರೆ ದನ, ಕುರಿ ಮೇಯುವ ನೆಲವನ್ನು ದೂರದಲ್ಲಿ ಕೂತವರು ಯಾಕೆ 'ಖಾಲಿ ಜಾಗ' ಅಂತಾರೆ? ಇಲ್ಲೂ ಹಾಗೇ ಅಂದಿರಬೇಕು, ಅಲ್ವಾ? ಬೆಳಗ್ಗೆಯಷ್ಟೇ ಹಾವಿನ ಕಥೆ ಇರುವ ಚಿಲುಮೆ ನೋಡಿ ಬಂದವನಿಗೆ ಆ ಮಾತು ಒಪ್ಪಲು ಸಾಧ್ಯವೇ ಇಲ್ಲ.

ಹೋಟೆಲ್ಲಿನ ಒಳಗೆ ಗೋಡೆಯೂ ಕಾಣುವುದಿಲ್ಲ, ಸೂರೂ ಕಾಣುವುದಿಲ್ಲ. ಬಂದವರೆಲ್ಲ ವಿಸಿಟಿಂಗ್ ಕಾರ್ಡು, ನೋಟು, ಏನಾದರೊಂದು ಅಂಟಿಸಿ ಹೋಗಿದ್ದಾರೆ. ಅಮ್ಮ ಸುಮ್ನೆ ನೋಡುತ್ತಿದ್ದಳು. ಆಮೇಲೆ ಪರ್ಸು ತೆಗೆದು, ನಾಲ್ಕು ಮಡಿಕೆಯ ಒಂದು ಚೀಟಿ ಬಿಡಿಸಿದಳು. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ, ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಅಕ್ಷರ ಅರ್ಧ ಅಳಿಸಿತ್ತು. ಕೌಂಟರಿನ ಹುಡುಗಿ ಪಿನ್ನು ತಂದುಕೊಟ್ಟು, ಅದರಲ್ಲಿ ಏನು ಬರೆದಿದೆ ಅಂತ ಕೇಳಿದಳು.

"ನಮ್ಮೂರ ಹೆಸರು ಅಂತ ಹೇಳಪ್ಪ" ಅಂದಳು ಅಮ್ಮ. "ಕೆರೆ ಅಂದ್ರೆ ಏನು ಅಂತಾನೂ ಹೇಳು."