ಆಸ್ಪತ್ರೆಯ ದಾಖಲೆಗೆ ಬಾರದ ಕೂಸುಗಳು

ಹುಟ್ಟುವ ಸಾವಿರ ಕೂಸುಗಳಲ್ಲಿ ಎಂಟು-ಹತ್ತಕ್ಕೆ ಹೃದಯದಲ್ಲಿ ಹುಟ್ಟುದೋಷ ಇರುತ್ತದೆ. ನಮ್ಮಂಥ ದೇಶಗಳ ಆಸ್ಪತ್ರೆ ದಾಖಲೆ ತೆರೆದರೆ ವಿಎಸ್‌ಡಿ (ಹೃದಯದ ಕೆಳಗಿನ ಕೋಣೆಗಳ ನಡುವೆ ರಂಧ್ರ), ಎಎಸ್‌ಡಿ (ಮೇಲಿನ ಕೋಣೆಗಳ ನಡುವೆ ರಂಧ್ರ), ಪಿಡಿಎ (ಗರ್ಭದಲ್ಲಿದ್ದಾಗ ತೆರೆದಿರುವ ಡಕ್ಟಸ್ ಎಂಬ ನಾಳ ಹುಟ್ಟಿದ ಮೇಲೂ ಮುಚ್ಚದಿರುವುದು), ಟೆಟ್ರಾಲಜಿ (ನಾಲ್ಕು ದೋಷ ಒಟ್ಟಿಗೆ ಇರುವುದು) ಇವೇ ತುಂಬಿರುತ್ತವೆ. ರಕ್ತನಾಳಗಳು ಅದಲುಬದಲಾದ, ಹೃದಯದ ಎಡಭಾಗವೇ ಬೆಳೆಯದ ಕೂಸುಗಳು ಅಲ್ಲಿ ಕಡಿಮೆ. ಅಂಥವು ಇಲ್ಲೂ ಹುಟ್ಟುತ್ತವೆ. ಅವುಗಳ ಜೀವ ಹಿಡಿದಿಟ್ಟ ಡಕ್ಟಸ್ ಮುಚ್ಚಿಕೊಳ್ಳುವ ಮೊದಲ ದಿನಗಳಲ್ಲೇ, ಎಕೋ (ಹೃದಯದ ಸ್ಕ್ಯಾನ್) ಆಗುವ ಮುಂಚೆಯೇ ಎಷ್ಟೋ ಕೂಸುಗಳು ತೀರಿಹೋಗುತ್ತವೆ. ಮನೆಯವರು ನಂಜಾಗಿತ್ತು ಅಂದುಕೊಳ್ಳುತ್ತಾರೆ.

ಇಂಥ ದೋಷಗಳನ್ನು ಹಿಡಿಯಲು ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಸಾಕಷ್ಟು ನೆರವಾಗುತ್ತದೆ. ಹೆರಿಗೆಯಾಗಿ 24 ತಾಸು ಕಳೆದ ಮೇಲೆ, ಮನೆಗೆ ಕಳಿಸುವ ಮುನ್ನ, ಬಲಗೈ ಮತ್ತು ಒಂದು ಪಾದದಲ್ಲಿ ನೋಡಬೇಕು. ಎರಡೂ ಕಡೆ ಶೇಕಡಾ 95 ಅಥವಾ ಹೆಚ್ಚಿದ್ದು, ಅಂತರ 3 ದಾಟದಿದ್ದರೆ ಸರಿ. ಎಲ್ಲಾದರೂ 90ಕ್ಕಿಂತ ಕೆಳಗಿದ್ದರೆ ತಡಮಾಡದೆ ಎಕೋಗೆ ಕಳಿಸಬೇಕು. ನಡುವೆ ಬಂದರೆ ಒಂದು ತಾಸು ಬಿಟ್ಟು ಮತ್ತೆ ನೋಡಬೇಕು. ದೊಡ್ಡವರ ಬೆರಳಿನ ಕ್ಲಿಪ್ ಕೂಸಿಗೆ ನಡೆಯುವುದಿಲ್ಲ, ಸುತ್ತುವ ಪ್ರೋಬ್ ಬೇಕು. ಪಾದ ತಣ್ಣಗಿದ್ದರೆ ಅಥವಾ ಕೂಸು ಒದ್ದಾಡುತ್ತಿದ್ದರೆ ಅಂಕಿ ಸುಳ್ಳಾಗುತ್ತದೆ. ಆಕ್ಸಿಮೀಟರ್ ಪರದೆಯ ನಾಡಿಯ ಅಲೆ ಸ್ಥಿರವಾದ ಮೇಲೆ ಬರೆದುಕೊಳ್ಳಿ.

ಆದರೆ ವಿಎಸ್‌ಡಿ ಇದರಲ್ಲಿ ಸಿಗುವುದಿಲ್ಲ. ಶ್ವಾಸಕೋಶದ ರಕ್ತನಾಳಗಳು ಸಡಿಲಾಗಿ ರಂಧ್ರದಿಂದ ಹೆಚ್ಚು ರಕ್ತ ಅತ್ತ ನುಗ್ಗುವುದು ನಾಲ್ಕರಿಂದ ಆರು ವಾರಕ್ಕೆ. ಆಗ ನೋಡಬೇಕಾದದ್ದು ಎದೆಹಾಲು ಕುಡಿಯುವ ಹೊತ್ತನ್ನು. ಕೂಸು ಎರಡು ಗುಟುಕು ಎಳೆದು ಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಎಳೆಯುತ್ತದೆ. ಚಳಿಗಾಲದಲ್ಲೂ ಹಣೆ ಬೆವರುತ್ತದೆ. ಅರ್ಧ ತಾಸು ಕುಡಿದರೂ ಹೊಟ್ಟೆ ತುಂಬುವುದಿಲ್ಲ. ಮಲಗಿದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ: ಎರಡು ತಿಂಗಳೊಳಗೆ 60, ಆಮೇಲೆ ವರ್ಷದವರೆಗೆ 50 ಮುಟ್ಟಿದರೆ ತೋರಿಸಲೇಬೇಕು. ಮೊದಲ ಮೂರು ತಿಂಗಳು ದಿನಕ್ಕೆ 20-30 ಗ್ರಾಂ ತೂಕ ಏರಬೇಕು. ತಾಯಿ ಕಾರ್ಡಿನ ತೂಕದ ಗೆರೆ ಚಪ್ಪಟೆಯಾದರೆ ಬರೀ ಹಾಲು ಸಾಲದು ಅಂತ ಬಿಡಬೇಡಿ. ಪದೇಪದೇ ಕಫ ಅಂತ ನೆಬ್ಯುಲೈಸೇಶನ್ ಕೊಡಿಸುತ್ತಲೇ ತಿಂಗಳುಗಳು ಸರಿದುಹೋಗುವುದು ನಮ್ಮ ಭಾಗದ ದೊಡ್ಡ ದುಃಖ. ದೊಡ್ಡ ವಿಎಸ್‌ಡಿ ಆರು ತಿಂಗಳ ಆಸುಪಾಸಿನಲ್ಲೇ ಮುಚ್ಚಬೇಕು. ವರ್ಷಗಟ್ಟಲೆ ತಡವಾದರೆ ಶ್ವಾಸಕೋಶದ ಒತ್ತಡ ಏರಿ, ಮುಚ್ಚಲಿಕ್ಕೇ ಬಾರದ ಹಂತ ಬರುತ್ತದೆ.

ಇನ್ನೊಂದು ಮೋಸ ರಕ್ತಹೀನತೆಯದು. ತುಟಿ ನೀಲಿಯಾಗಿ ಕಾಣಲು ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಒಂದು ಮಟ್ಟ ಮುಟ್ಟಬೇಕು. ರಕ್ತ ಕಡಿಮೆ ಇರುವ ಟೆಟ್ರಾಲಜಿ ಕೂಸು ಬಿಳಿಚಿಕೊಂಡೇ ಕಾಣುತ್ತದೆ. ಕಣ್ಣನ್ನಷ್ಟೇ ನಂಬದೆ ಆಕ್ಸಿಮೀಟರ್ ಹಚ್ಚಿ.

2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಅಲ್ಲಿ ಗುರುತಿಸಿದ ಮಕ್ಕಳ ಚಿಕಿತ್ಸೆಗೆ ಸರ್ಕಾರದ ವೆಚ್ಚದಲ್ಲೇ ದಾರಿಯಿದೆ. ಹೆಣ್ಣುಮಗು ಅಂತ ಮುಂದೂಡುವವರನ್ನು ಆಶಾ ಕಾರ್ಯಕರ್ತೆಯರು ಬಿಡದೆ ಬೆನ್ನುಹತ್ತಬೇಕು.

ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಇಲ್ಲಿ ಸಾಮಾನ್ಯ. ಅಂಥ ಮನೆಗಳಲ್ಲಿ ಅಪಾಯ ಹೆಚ್ಚು. ಒಂದು ಕೂಸಿಗೆ ದೋಷವಿದ್ದರೆ ಮುಂದಿನ ಬಸಿರಿನಲ್ಲಿ 18ರಿಂದ 22 ವಾರದೊಳಗೆ ಫೀಟಲ್ ಎಕೋ (ಹೊಟ್ಟೆಯಲ್ಲಿರುವ ಕೂಸಿನ ಹೃದಯದ ಸ್ಕ್ಯಾನ್) ಮಾಡಿಸಿ. ಡಕ್ಟಸ್ ಮೇಲೆ ಬದುಕುವ ದೋಷ ಅಂತ ಗೊತ್ತಾದರೆ ಹೆರಿಗೆಯನ್ನೇ ಮಕ್ಕಳ ಹೃದಯ ಚಿಕಿತ್ಸೆ ಇರುವ ಊರಿನಲ್ಲಿ ಮಾಡಿಸಿ, ಡಕ್ಟಸ್ ತೆರೆದಿಡುವ ಔಷಧಿ ಪ್ರೋಸ್ಟಾಗ್ಲಾಂಡಿನ್ ಸಿದ್ಧವಿದೆಯೇ ಅಂತ ಮೊದಲೇ ಕೇಳಿ.